ಬಾಲಚರ ಸಂಸ್ಥಾಪಕರಾದ ಬೇಡನ್ ಪೊವೆಲ್ಲರ ಚರಿತ್ರೆ

ಗ್ರಂಥಗಳನ್ನು ಮುಂದಿಟ್ಟುಕೊಂಡು ಬಾಲಕರಿಗೆ ವಿದ್ಯೆಯನ್ನು ಬೋಧಿಸಿದ ಮಹನೀಯರ ಚರಿತ್ರೆಗಳು ನಮ್ಮಲ್ಲಿ ಬೇಕಾದಷ್ಟಿರುವುವು. ಪಾಠಶಾಲೆಯ ಗೋಡೆಗಳನ್ನು ದಾಟಿ ಹೊರಗೆ ಬಂದು, ಕಾಡು ಹೊಳೆ ದಿಣ್ಣೆಗಳನ್ನೇ ಗ್ರಂಥವನ್ನಾಗಿ ಮಾಡಿಕೊಂಡು ಬಾಲಕರನ್ನು ತಿದ್ದಿದವರ ಚರಿತ್ರೆಗಳು ವಿರಳ. ಅಂತಹ ವಿರಳರಲ್ಲಿ ಆಂಗ್ಲ ದೇಶದ ಬೇಡನ್ ಪೊವೆಲ್ಲರು ಅಗ್ರಗಣ್ಯರು. ಜಾತ್ರೆ ಉತ್ಸವಗಳ ಕಾಲದಲ್ಲಿ ಕೊರಳಿಗೆ ಬಣ್ಣದ ವಸ್ತ್ರವನ್ನು ಕಟ್ಟಿಕೊಂಡು, ಜನಸಂದಣಿಯನ್ನು ಸರಿಪಡಿಸುತ್ತ, ಬಾಯಾರಿದವರಿಗೆ ನೀರನ್ನು ಕೊಡುತ್ತ, ಗುಂಪಿನಲ್ಲಿ ತಪ್ಪಿಸಿಕೊಂಡ ಮಕ್ಕಳನ್ನು ತಾಯಂದಿರಿಗೆ ಒಪ್ಪಿಸುತ್ತ ಓಡಾಡುವ ಸ್ಕೌಟ್ ಬಾಲಕರನ್ನು ವಾಚಕರೆಲ್ಲರೂ ಕಂಡಿರುವರು. ಇವರಿಗೆ ನಮ್ಮವರು ಬಾಲಚರರೆಂಬ ಸುಂದರವಾದ ಹೆಸರನ್ನು ಕೊಟ್ಟಿರುವರು. ಈ ಬಾಲಚರ ಪದ್ಧತಿಯ ಮೂಲಪುರುಷರೇ ಈ ಲೇಖನದ ನಾಯಕರು.

ಬಾಲಚರ ವಿದ್ಯೆಯೆಂದರೆ ಖಾಕಿ ಉಡುಪು, ಸೀಟಿಯ ಶಬ್ದ, ಸಾಲಾಗಿ ನಡೆಯುವ ಕವಾಯತು, ಇಷ್ಟೇ ಎಂದು ತಿಳಿದ ಹಿರಿಯರು ನಮ್ಮಲ್ಲಿ ಅನೇಕರಿರುವರು. ಮಕ್ಕಳನ್ನು ಸಿಪಾಯಿಗಳನ್ನಾಗಿ ಮಾಡುವ ಉಪಾಯವಿದೆಂದು ಅಂಜಿ ದೂರವಿಟ್ಟವರೂ ಉಂಟು. ಅದನ್ನು ಸ್ಥಾಪಿಸಿದವರು ಸ್ವತಃ ಸೇನಾಪತಿಗಳಾಗಿದ್ದರೆಂಬುದು ಈ ಸಂದೇಹಕ್ಕೆ ಮತ್ತಷ್ಟು ಆಸ್ಪದವನ್ನು ಕೊಡುವುದು. ಅವರ ಚರಿತ್ರೆಯನ್ನು ಮೊದಲಿನಿಂದ ವಿಚಾರಿಸಿದಲ್ಲಿ, ಕವಾಯತಿಗಿಂತ ಮಿಗಿಲಾದ ಒಂದು ಮರ್ಮವು ಅವರ ಪದ್ಧತಿಯಲ್ಲಿ ಅಡಗಿದೆಯೆಂಬುದು ಗೊತ್ತಾಗುವುದು. ಆ ಮರ್ಮವು ಬಾಲಕನಲ್ಲಿ ಹಿರಿಯನು ಇಡುವ ನಂಬುಗೆ. ಆ ನಂಬುಗೆಯು ಅವರಿಗೆ ಹೇಗೆ ದೊರೆಯಿತು, ಎಲ್ಲಿ ಅದು ಫಲಿಸಿತು, ಎಲ್ಲಿ ಅವರೇ ಅದನ್ನು ಪೂರ್ಣವಾಗಿ ಪಾಲಿಸದೆ ಹೋದರು ಎಂಬುದನ್ನು ಯಥಾಮತಿ ಇಲ್ಲಿ ನಿರೂಪಿಸುವೆವು.

ರಾಬರ್ಟ್ ಸ್ಟೀವನ್‌ಸನ್ ಸ್ಮಿತ್ ಬೇಡನ್ ಪೊವೆಲ್ಲರು 1857ನೆಯ ಇಸವಿ ಫೆಬ್ರವರಿ 22ನೆಯ ತಾರೀಖಿನ ದಿನ ಲಂಡನ್ ಪಟ್ಟಣದಲ್ಲಿ ಜನಿಸಿದರು. ತಂದೆಯವರು ಆಕ್ಸ್‌ಫರ್ಡ್ ವಿದ್ಯಾಪೀಠದಲ್ಲಿ ರೇಖಾಗಣಿತದ ಆಚಾರ್ಯರಾಗಿದ್ದ ಪಾದ್ರಿಗಳು. ತಾಯಿ ಹೆನ್ರಿಯೆಟಾ ಗ್ರೇಸ್ ಎಂಬವರು ನೌಕಾಸೇನಾಪತಿಯೊಬ್ಬರ ಪುತ್ರಿ. ಮಗುವಿಗೆ ಮೂರು ವರ್ಷ ತುಂಬಿದ್ದಾಗ, 1860ರಲ್ಲಿ, ತಂದೆಯವರು ಸ್ವರ್ಗಸ್ಥರಾದರು. ಬಹು ಮಕ್ಕಳ ಸಂಸಾರವನ್ನು ಹೊತ್ತ ಆ ತಾಯಿಯು ಧೈರ್ಯಗುಂದದೆ ಮಕ್ಕಳನ್ನು ಸಾಕಿದಳು. ಅವರನ್ನು ಕಟ್ಟಿಹಾಕಿ ಬೆಳೆಸದೆ, ರಜೆಯ ದಿನಗಳಲ್ಲಿ ಅಣ್ಣತಮ್ಮಂದಿರೆಲ್ಲರೂ ದೋಣಿಯನ್ನೇರಿ ನದಿಗಳಲ್ಲಿಯೂ ಕಡಲಂಚಿನಲ್ಲಿಯೂ ತಿರುಗಾಡಿ ಬರಲು ಅನುಮತಿಯನ್ನು ಕೊಡುತ್ತಿದ್ದಳು. ಹಿರಿಯಣ್ಣನು ದೋಣಿಯ ಯಜಮಾನ. ಚಿಕ್ಕವನಾದ ಇವರ ಪಾಲಿಗೆ ಬಂದದ್ದು ಅಡಿಗೆಯ ಕೆಲಸ, ಪಾತ್ರೆ ತೊಳೆಯುವ ಕೆಲಸ. ಮುಂದೆ ಲಕ್ಷಾಂತರ ಬಾಲಕರಿಗೆ ಇವರು ಕಲಿಸಿದ ವಿದ್ಯೆಯ ಬೀಜವು ಈ ದೋಣಿಯಲ್ಲಿಯೇ ಬಿತ್ತಲ್ಪಟ್ಟಿತೆಂದು ನಮ್ಮ ಅಭಿಪ್ರಾಯ.

ಚಾರ್ಟರ್‌ಹೌಸ್ ಎಂಬ ಪ್ರಸಿದ್ಧ ಶಾಲೆಯಲ್ಲಿ ಇವರ ವಿದ್ಯಾಭ್ಯಾಸವು ನಡೆಯಿತು. 1872ರಲ್ಲಿ ಆ ಶಾಲೆಯು ಲಂಡನ್ ಪಟ್ಟಣವನ್ನು ಬಿಟ್ಟು ಗೊಡಾಲ್ಮಿಂಗ್ ಎಂಬ ಊರಿನ ಸಮೀಪಕ್ಕೆ ವರ್ಗವಾಯಿತು. ಅಲ್ಲಿ ಶಾಲೆಗೆ ಹೊಂದಿಕೊಂಡಂತೆ ಒಂದು ಸಣ್ಣ ಕಾಡಿದ್ದಿತು. ವಿದ್ಯಾರ್ಥಿಗಳು ಅದರೊಳಗೆ ಕಾಲಿಡಕೂಡದೆಂದು ಕಟ್ಟಳೆ. ಕಟ್ಟಳೆಯಿದ್ದರೂ ಈ ಹುಡುಗನು ಮೆಲ್ಲಗೆ ನುಸುಳಿಹೋಗಿ, ಮೊಲಗಳನ್ನು ಉರುಳಿಗೆ ಹಿಡಿದು, ಹೊಗೆಯೇಳದಂತೆ ಬೆಂಕಿಯನ್ನು ಹೂಡಿ, ಹೊಗೆ ಕಂಡರೆ ಉಪಾಧ್ಯಾಯರು ಬಂದಾರೆಂಬ ಭಯದಿಂದ ಎಚ್ಚರವಾಗಿದ್ದು, ಸದ್ದಿಲ್ಲದೆ ನಡೆಯುವುದನ್ನೂ ಮರದ ಮರೆಯಲ್ಲಿ ಅಲುಗಾಡದೆ ನಿಲ್ಲುವುದನ್ನೂ ತಾನೇ ಕಲಿತುಕೊಂಡನು. ಪಾಠಗಳಲ್ಲಿ ಮಾತ್ರ ಇವರು ಸಾಧಾರಣರೇ. ಆಕ್ಸ್‌ಫರ್ಡಿನ ಪ್ರವೇಶ ಪರೀಕ್ಷೆಯಲ್ಲಿ ಇವರಿಗೆ ಅಪಜಯವಾಯಿತು. ಆದರೆ 1876ರಲ್ಲಿ ಸೈನ್ಯದ ಪರೀಕ್ಷೆಗೆ ಕುಳಿತು ಅಶ್ವದಳದ ಪಟ್ಟಿಯಲ್ಲಿ ಎರಡನೆಯವರಾಗಿ ತೇರ್ಗಡೆ ಹೊಂದಿದರು. ತಂದೆಯವರ ವಿದ್ಯಾಪೀಠವು ತಳ್ಳಿದ ಬಾಲಕನನ್ನು ಸೇನೆಯು ಎರಡು ಕೈಗಳಿಂದ ಬರಮಾಡಿಕೊಂಡಿತು.

ಅದೇ ವರ್ಷ ಹತ್ತೊಂಬತ್ತರ ಪ್ರಾಯದಲ್ಲಿ ಇವರು 13ನೆಯ ಹುಸಾರ್ ಎಂಬ ಕುದುರೆ ದಂಡಿನ ಕಿರಿಯ ಅಧಿಕಾರಿಯಾಗಿ ಹಿಂದೂಸ್ಥಾನಕ್ಕೆ ಬಂದು ಲಕ್ನೋ ಪಟ್ಟಣವನ್ನು ಸೇರಿದರು. ಮುಂದಿನ ಮೂವತ್ತು ವರ್ಷಗಳ ಸೈನಿಕ ಜೀವನವನ್ನು ನಾವು ವಿಸ್ತರಿಸುವುದಿಲ್ಲ. ಕಂದಹಾರ, ಝೂಲು ದೇಶ, ಮಾಲ್ಟಾ ದ್ವೀಪ, ಅಶಾಂತಿ, ಮಟಬೆಲೆ ಮುಂತಾದ ಅನೇಕ ಸ್ಥಳಗಳಲ್ಲಿ ಕೆಲಸ ಮಾಡಿದರು. ಶತ್ರುವಿನ ನೆಲೆಯನ್ನು ಗುಟ್ಟಾಗಿ ಅರಿತುಬರುವ ಕಾರ್ಯದಲ್ಲಿ, ಅಂದರೆ ಆಂಗ್ಲ ಭಾಷೆಯಲ್ಲಿ ಸ್ಕೌಟಿಂಗ್ ಎಂದು ಹೇಳುವ ಚಾರವಿದ್ಯೆಯಲ್ಲಿ, ಇವರಿಗೆ ವಿಶೇಷವಾದ ಪ್ರವೃತ್ತಿಯಿದ್ದಿತು. ಚಿತ್ರ ಬರೆಯುವುದರಲ್ಲಿಯೂ ನಿಪುಣರು. ಪಾತರಗಿತ್ತಿಗಳ ಚಿತ್ರವನ್ನು ಬರೆಯುವವರಂತೆ ನಟಿಸಿ, ಅದರ ರೆಕ್ಕೆಯ ಗೆರೆಗಳಲ್ಲಿ ಕೋಟೆಯ ನಕ್ಷೆಯನ್ನು ಅಡಗಿಸುತ್ತಿದ್ದ ಸಂಗತಿಯನ್ನು ಅವರೇ ಬರೆದಿಟ್ಟಿರುವರು. ಈ ಕಾಲದ ಒಂದು ಕಲೆಯನ್ನು ಮರೆಮಾಚುವುದು ಚರಿತ್ರಕಾರನ ಧರ್ಮವಲ್ಲ. 1896ರ ಮಟಬೆಲೆ ಯುದ್ಧದಲ್ಲಿ ಸೆರೆಸಿಕ್ಕ ಉವಿನಿಯೆಂಬ ನಾಯಕನನ್ನು ಇವರು ಸೈನಿಕ ವಿಚಾರಣೆಗೆ ಗುರಿಮಾಡಿ ಗುಂಡಿಕ್ಕಿಸಿದರು. ಅದರ ಮೇಲೆ ತನಿಖೆ ನಡೆದು ಇವರು ನಿರ್ದೋಷಿಗಳೆಂದು ಮೇಲಧಿಕಾರಿಗಳು ತೀರ್ಪುಕೊಟ್ಟರು. ತೀರ್ಪು ಏನೇ ಇರಲಿ, ಪರರ ನೆಲದಲ್ಲಿ ಪರರ ನಾಯಕನಿಗೆ ವಿಧಿಸಿದ ಆ ದಂಡನೆಯನ್ನು ನಮ್ಮ ಮನಸ್ಸು ಒಪ್ಪುವುದಿಲ್ಲ.

1897ರಲ್ಲಿ ಇವರು 5ನೆಯ ಡ್ರಾಗೂನ್ ಗಾರ್ಡ್ಸ್ ದಂಡಿನ ಅಧಿಪತಿಗಳಾಗಿ ಪುನಃ ಹಿಂದೂಸ್ಥಾನಕ್ಕೆ ಬಂದು ಮೀರತ್ತಿನಲ್ಲಿ ನೆಲೆಸಿದರು. ಬಾಲಚರ ಪದ್ಧತಿಯ ಮೂಲವನ್ನು ಹುಡುಕುವವರು ಈ ಮೀರತ್ ನಗರವನ್ನು ಮರೆಯಕೂಡದು. ಆಜ್ಞೆಯಿಲ್ಲದೆ ಒಂದು ಹೆಜ್ಜೆಯನ್ನೂ ಇಡಲರಿಯದ ಸಿಪಾಯಿಗಳನ್ನು ಕಂಡು ಇವರಿಗೆ ಬೇಸರವಾಯಿತು. ನೂರಾರು ಮಂದಿಯನ್ನು ಒಟ್ಟಿಗೆ ನಿಲ್ಲಿಸಿ ಕೂಗಿ ಕಲಿಸುವುದನ್ನು ಬಿಟ್ಟು, ಏಳೆಂಟು ಮಂದಿಯ ಸಣ್ಣ ಸಣ್ಣ ಗುಂಪುಗಳನ್ನು ಮಾಡಿ, ಒಂದೊಂದಕ್ಕೂ ಒಬ್ಬೊಬ್ಬ ಮುಂದಾಳನ್ನು ನೇಮಿಸಿ, ಹಗಲು ರಾತ್ರಿ ಬಯಲಿನಲ್ಲಿ ತಾವೇ ದಾರಿಯನ್ನು ಕಂಡುಕೊಂಡು ಬರುವಂತೆ ಕಳುಹಿಸತೊಡಗಿದರು. ನೆಲದ ಮೇಲಿನ ಹೆಜ್ಜೆಯ ಗುರುತಿನಿಂದ ಹೋದವನಾರು, ಯಾವಾಗ ಹೋದನು, ಹೊರೆಯನ್ನು ಹೊತ್ತಿದ್ದನೋ ಇಲ್ಲವೋ ಎಂಬುದನ್ನು ಊಹಿಸುವುದು, ನಕ್ಷತ್ರಗಳನ್ನು ನೋಡಿ ದಿಕ್ಕನ್ನು ತಿಳಿಯುವುದು ಇವೇ ಪಾಠಗಳು. ತೇರ್ಗಡೆಯಾದವನಿಗೆ ದಿಕ್ಸೂಚಿಯಲ್ಲಿ ಉತ್ತರವನ್ನು ತೋರಿಸುವ ಮುಮ್ಮೊನೆಯ ಹೂವಿನ ಗುರುತನ್ನು ತೋಳಿಗೆ ಧರಿಸಲು ಕೊಡುತ್ತಿದ್ದರು. ಇಂದು ಜಗತ್ತಿನ ಬಾಲಚರರೆಲ್ಲರೂ ಧರಿಸುವ ಲಾಂಛನವು ಇದೇ. ಈ ಪಾಠಗಳನ್ನೆಲ್ಲ ಸಂಗ್ರಹಿಸಿ ಸೈನಿಕರಿಗಾಗಿ ಬರೆದ ಒಂದು ಸಣ್ಣ ಪುಸ್ತಕವು 1899ರಲ್ಲಿ ಅಚ್ಚಾಯಿತು.

ಅದೇ ವರ್ಷ ದಕ್ಷಿಣ ಆಫ್ರಿಕದಲ್ಲಿ ಬೋಯರರಿಗೂ ಆಂಗ್ಲರಿಗೂ ಯುದ್ಧವು ಮೊದಲಾಯಿತು. ಮಾಫೆಕಿಂಗ್ ಎಂಬ ಸಣ್ಣ ಪಟ್ಟಣವನ್ನು ಕಾಯುವ ಭಾರವು ಇವರ ಮೇಲೆ ಬಿದ್ದಿತು. ತಮಗಿಂತ ಅನೇಕ ಪಾಲು ಹೆಚ್ಚಾದ ಶತ್ರುಸೈನ್ಯದ ಮುತ್ತಿಗೆಯನ್ನು 1899ನೆಯ ಅಕ್ಟೋಬರ್ 13ರಿಂದ 1900ನೆಯ ಮೇ 17ರ ವರೆಗೆ, ಅಂದರೆ 217 ದಿನಗಳ ಕಾಲ, ಇವರು ತಡೆದರು. ಬಲಕ್ಕಿಂತ ಯುಕ್ತಿಯೇ ಇಲ್ಲಿ ಹೆಚ್ಚಾಗಿ ಕೆಲಸಮಾಡಿತು. ಮರಳು ತುಂಬಿದ ಪೆಟ್ಟಿಗೆಗಳನ್ನು ಸಿಡಿಮದ್ದೆಂದು ಸಾರಿ ಹೂಳಿಸಿದರು. ಇಲ್ಲದ ಮುಳ್ಳುತಂತಿಯನ್ನು ದಾಟುವವರಂತೆ ಸಿಪಾಯಿಗಳು ಕಾಲೆತ್ತಿ ಎತ್ತಿ ನಡೆಯುವಂತೆ ಮಾಡಿ ದೂರದ ಶತ್ರುವನ್ನು ವಂಚಿಸಿದರು. ಯುದ್ಧದ ಈ ವಿನೋದಗಳು ಆಂಗ್ಲ ದೇಶದ ಪತ್ರಿಕೆಗಳಲ್ಲಿ ಹಬ್ಬಿ ಇವರನ್ನು ಮನೆಮನೆಯ ವೀರರನ್ನಾಗಿ ಮಾಡಿದುವು. ಆದರೆ ಅದೇ ಮುತ್ತಿಗೆಯಲ್ಲಿ ಕರಿಯ ಜನರಿಗೆ ಬಿಳಿಯರಿಗಿಂತ ಕಡಮೆ ಆಹಾರವು ದೊರೆತು ಅನೇಕರು ಹಸಿವಿನಿಂದ ಸತ್ತರು. ಅದರಲ್ಲಿ ಇವರ ಹೊಣೆಯೆಷ್ಟೆಂಬ ವಿಷಯದಲ್ಲಿ ಇತಿಹಾಸಜ್ಞರಿಗೆ ಒಮ್ಮತವಿಲ್ಲ. ಆ ಪಟ್ಟಣದ ರಕ್ಷಣೆಗೆ ಹೋರಾಡಿದವರಲ್ಲಿ ಬರೊಲಾಂಗ್ ಜನರೂ ಇದ್ದರೆಂಬುದನ್ನು ಅಂದಿನ ಪತ್ರಿಕೆಗಳು ಅಷ್ಟಾಗಿ ಹೇಳಲಿಲ್ಲ.

ನಮ್ಮ ಪ್ರಕೃತ ವಿಷಯಕ್ಕೆ ಈ ಮುತ್ತಿಗೆಯ ಒಂದು ಸಂಗತಿಯೇ ಮುಖ್ಯವಾದುದು. ದೊಡ್ಡವರೆಲ್ಲರೂ ಬಂದೂಕನ್ನು ಹಿಡಿಯಬೇಕಾದುದರಿಂದ, ಸುದ್ದಿಯನ್ನು ಒಯ್ಯಲು, ಕಾವಲು ನೋಡಲು, ಆಸ್ಪತ್ರೆಯಲ್ಲಿ ನೆರವಾಗಲು ಜನರಿರಲಿಲ್ಲ. ಆಗ ಲಾರ್ಡ್ ಎಡ್ವರ್ಡ್ ಸೆಸಿಲ್ ಎಂಬ ಅಧಿಕಾರಿಯು ಒಂಬತ್ತು ವರ್ಷಕ್ಕೆ ಮೇಲ್ಪಟ್ಟ ಊರ ಹುಡುಗರನ್ನು ಕೂಡಿಸಿ ಒಂದು ಪಡೆಯನ್ನು ಕಟ್ಟಿದನು. ವಾರ್ನರ್ ಗುಡ್‌ಇಯರ್ ಎಂಬ ಹುಡುಗನು ಅದರ ನಾಯಕ. ಹುಡುಗರು ಮೊದಲು ಕತ್ತೆಗಳನ್ನು ಏರಿ ಹೋಗುತ್ತಿದ್ದರು. ಕತ್ತೆಗಳು ಜನರ ಹೊಟ್ಟೆಗೆ ಆಹಾರವಾದ ಮೇಲೆ ಬೈಸಿಕಲ್ಲುಗಳನ್ನು ಹಿಡಿದರು. ಗುಂಡುಗಳು ಬೀಳುತ್ತಿರುವಾಗಲೂ ಒಪ್ಪಿಸಿದ ಕೆಲಸವನ್ನು ಅವರು ಬಿಡಲಿಲ್ಲ. ಬಾಲಕನೆಂದು ತಿರಸ್ಕರಿಸದೆ ನಿಜವಾದ ಕಾರ್ಯವನ್ನು ನಂಬಿ ಒಪ್ಪಿಸಿದಲ್ಲಿ ಅವನು ದೊಡ್ಡವನಂತೆಯೇ ಅದನ್ನು ನೆರವೇರಿಸುವನೆಂಬುದನ್ನು ಬೇಡನ್ ಪೊವೆಲ್ಲರು ಇಲ್ಲಿ ಕಣ್ಣಾರೆ ಕಂಡರು. ಮಗನಿಗೆ ಹದಿನಾರು ವರ್ಷ ತುಂಬಿದ ಮೇಲೆ ಅವನನ್ನು ಮಿತ್ರನಂತೆ ಕಾಣಬೇಕೆಂದು ನಮ್ಮ ನೀತಿಕಾರರು ವಿಧಿಸಿರುವರಷ್ಟೆ. ಇವರು ಆ ಮಿತ್ರಭಾವವನ್ನು ಹನ್ನೊಂದನೆಯ ವಯಸ್ಸಿಗೇ ಇಳಿಸಿದರೆಂದು ಹೇಳಬಹುದು.

1903ರಲ್ಲಿ ಸ್ವದೇಶಕ್ಕೆ ಹಿಂದಿರುಗಿದಾಗ ಇವರಿಗೆ ಒಂದು ಆಶ್ಚರ್ಯವು ಕಾದಿದ್ದಿತು. ಸಿಪಾಯಿಗಳಿಗಾಗಿ ಬರೆದ ಆ ಸಣ್ಣ ಪುಸ್ತಕವನ್ನು ಉಪಾಧ್ಯಾಯರೂ ಉಪಾಧ್ಯಾಯಿನಿಯರೂ ಮಕ್ಕಳ ಅವಲೋಕನ ಶಕ್ತಿಯನ್ನು ಬೆಳೆಸಲು ಉಪಯೋಗಿಸುತ್ತಿದ್ದರು. ಮರುವರ್ಷ ಗ್ಲಾಸ್ಗೋ ಪಟ್ಟಣದಲ್ಲಿ ವಿಲಿಯಂ ಸ್ಮಿತ್ತರು ಸ್ಥಾಪಿಸಿದ ಬಾಯ್ಸ್ ಬ್ರಿಗೇಡ್ ಎಂಬ ಸಂಸ್ಥೆಯ ಸಾವಿರಾರು ಬಾಲಕರ ಸಮ್ಮೇಳನವನ್ನು ನೋಡಿದರು. ಸ್ಮಿತ್ತರ ಪ್ರೇರಣೆಯಿಂದ ಆ ಪುಸ್ತಕವನ್ನು ಯುದ್ಧದ ವಾಸನೆಯಿಲ್ಲದಂತೆ ಬಾಲಕರಿಗಾಗಿ ಬೇರೆಯಾಗಿ ಬರೆಯುವ ಸಂಕಲ್ಪವು ಹುಟ್ಟಿತು. ಅಮೆರಿಕದಲ್ಲಿ ಬಾಲಕರಿಗೆ ಅರಣ್ಯವಿದ್ಯೆಯನ್ನು ಕಲಿಸುತ್ತಿದ್ದ ಅರ್ನೆಸ್ಟ್ ಥಾಂಪ್ಸನ್ ಸೀಟನ್ನರು 1906ರಲ್ಲಿ ತಮ್ಮ ಗ್ರಂಥವನ್ನು ಇವರಿಗೆ ಕಳುಹಿಸಿದರು. ಅದರಿಂದಲೂ ಇವರು ಬಹಳವಾಗಿ ಸಂಗ್ರಹಿಸಿಕೊಂಡರು. ಸೀಟನ್ನರಿಗೆ ಸಲ್ಲಬೇಕಾದಷ್ಟು ಮನ್ನಣೆಯು ಸಲ್ಲಲಿಲ್ಲವೆಂಬ ಆಕ್ಷೇಪವು ಬಹುಕಾಲ ಉಳಿಯಿತು.

ಬರೆದುದನ್ನು ಅಚ್ಚುಮಾಡುವ ಮುನ್ನ ಮಾಡಿ ನೋಡಬೇಕೆಂಬುದು ಇವರ ಸ್ವಭಾವ. ಡಾರ್ಸೆಟ್ ಪ್ರಾಂತದ ಪೂಲ್ ಬಂದರಿನಲ್ಲಿ ಬ್ರೌನ್‌ಸೀ ಎಂಬ ಒಂದು ಸಣ್ಣ ದ್ವೀಪವುಂಟು. ಅದರ ಒಡೆಯರಾದ ವಾನ್ ರಾಲ್ಟರ ಅನುಮತಿಯನ್ನು ಪಡೆದು, 1907ನೆಯ ಆಗಸ್ಟ್ ತಿಂಗಳ ಮೊದಲನೆಯ ವಾರದಲ್ಲಿ ಸುಮಾರು ಇಪ್ಪತ್ತು ಬಾಲಕರೊಡನೆ ಅಲ್ಲಿ ಗುಡಾರಗಳನ್ನು ಹೂಡಿದರು. ಆಗ ಇವರಿಗೆ ಐವತ್ತು ವರ್ಷ. ಬಾಲಕರಲ್ಲಿ ಕೆಲವರು ಈಟನ್, ಹ್ಯಾರೋ ಮುಂತಾದ ಶ್ರೀಮಂತರ ಶಾಲೆಗಳವರು. ಉಳಿದವರು ಪೂಲ್ ಮತ್ತು ಬೋರ್ನ್‌ಮತ್ ಊರುಗಳ ಕೂಲಿಕಾರರ, ಅಂಗಡಿಯವರ ಮಕ್ಕಳು. ಆ ದೇಶದಲ್ಲಿ ಜಾತಿಯಿಲ್ಲವೆಂದು ಹೇಳುವವರುಂಟು. ಆದರೆ ಸಿರಿವಂತನ ಮಗನೂ ಕೂಲಿಯವನ ಮಗನೂ ಒಂದೇ ಗುಡಾರದಲ್ಲಿ ಮಲಗಿ ಒಂದೇ ಪಾತ್ರೆಯ ಅನ್ನವನ್ನು ಉಣ್ಣುವುದು ಅಲ್ಲಿಯೂ ಅಪೂರ್ವವಾದ ಸಂಗತಿಯೇ ಆಗಿದ್ದಿತು. ಇವರು ಅವರನ್ನು ಬೇರ್ಪಡಿಸದೆ ಬೆರಸಿ, ತೋಳ, ಗೂಳಿ, ಕಾಡುಕಾಗೆ, ಕರ್ಲ್ಯೂ ಎಂಬ ನೀರುಹಕ್ಕಿ ಇವುಗಳ ಹೆಸರಿನಲ್ಲಿ ನಾಲ್ಕು ಪಂಗಡಗಳನ್ನು ಮಾಡಿದರು. ಒಂದೊಂದು ಪಂಗಡಕ್ಕೂ ಹುಡುಗರಲ್ಲಿಯೇ ಹಿರಿಯನಾದವನು ನಾಯಕನಾದನು. ಭುಜದ ಮೇಲೆ ಬಣ್ಣದ ಉಣ್ಣೆಯ ಕುಚ್ಚು, ತೋಳಕ್ಕೆ ನೀಲಿ, ಗೂಳಿಗೆ ಹಸುರು, ಕಾಗೆಗೆ ಕೆಂಪು, ಕರ್ಲ್ಯೂ ಹಕ್ಕಿಗೆ ಹಳದಿ.

ಆ ವಾರದ ದಿನಚರಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ. ದಳವನ್ನು ನಡೆಸುವವರಿಗೆ ಅದರಿಂದ ತಿಳಿಯತಕ್ಕುದು ಬಹಳವುಂಟು. ಮಟಬೆಲೆ ಯುದ್ಧದಲ್ಲಿ ದೊರೆತಿದ್ದ ಕುಡು ಎಂಬ ಆಫ್ರಿಕದ ಮೃಗದ ತಿರುಚಿದ ಕೊಂಬನ್ನು ಬೆಳಗ್ಗೆ ಊದಿ ಎಬ್ಬಿಸುವರು. ಹಾಲು ಬಿಸ್ಕತ್ತು ತಿಂದು, ಅಂಗಸಾಧನೆ ಮಾಡಿ, ಗುಡಾರವನ್ನು ಓರಣಗೊಳಿಸಿ, ಪ್ರಾರ್ಥನೆಯಾದ ಬಳಿಕ ಉಪಾಹಾರ. ಅನಂತರ ಅಂದಿನ ವಿದ್ಯೆ. ಮಧ್ಯಾಹ್ನದ ಊಟವಾದ ಮೇಲೆ ಎಲ್ಲರಿಗೂ ಕಡ್ಡಾಯವಾದ ವಿಶ್ರಾಂತಿ. ಸಂಜೆ ಆಟ, ರಾತ್ರಿ ಬೆಂಕಿಯ ಸುತ್ತಲೂ ಕುಳಿತು ಕಥೆ, ಹಾಡು. ಇದರಲ್ಲಿ ಒಂದು ಕ್ರಮವಿದ್ದಿತು. ಮರುದಿನ ಕಲಿಸಬೇಕಾದ ವಿಷಯವನ್ನು ಹಿಂದಿನ ರಾತ್ರಿಯೇ ಬೆಂಕಿಯ ಬೆಳಕಿನಲ್ಲಿ ತಮ್ಮ ಅನುಭವದ ಕಥೆಯಾಗಿ ಹೇಳುವರು. ಬೆಳಗ್ಗೆ ಅದನ್ನು ತಾವು ಮಾಡಿ ತೋರಿಸುವರು. ಆಮೇಲೆ ಅದನ್ನೇ ಪಂಗಡ ಪಂಗಡಗಳ ನಡುವಣ ಪಂದ್ಯವನ್ನಾಗಿ ಮಾಡಿ ಆಡಿಸುವರು. ಮೊದಲು ಶ್ರವಣ, ಬಳಿಕ ದರ್ಶನ, ಕಡೆಗೆ ಆಚರಣೆ. ಕಂಠಪಾಠವೊಂದನ್ನೇ ನೆಚ್ಚಿಕೊಂಡ ನಮ್ಮಂತಹ ಪಾಠಶಾಲೆಯವರು ಈ ಮೂರನೆಯ ಮೆಟ್ಟಿಲನ್ನು ವಿಶೇಷವಾಗಿ ಗಮನಿಸಬೇಕು. ಶ್ರವಣವು ನಮ್ಮಲ್ಲಿ ಬೇಕಾದಷ್ಟಿದೆ.

ಕಲಿಸಿದ ವಿದ್ಯೆಗಳಾದರೂ ಎಂತಹವು? ಒಂದೆರಡು ಕಡ್ಡಿಗಳಲ್ಲಿ ಬೆಂಕಿಯನ್ನು ಹೊತ್ತಿಸುವುದು. ಮೊದಲು ಪುರಳೆ, ಅದರ ಮೇಲೆ ಬೆರಳಷ್ಟು ಗಾತ್ರದ ಕಟ್ಟಿಗೆ, ಆಮೇಲೆ ದಪ್ಪನೆಯ ಸೌದೆ. ಗಾಳಿ ಬೀಸುವ ದಿಕ್ಕನ್ನು ನೋಡಿ ಗುಡಾರದ ಬಾಗಿಲನ್ನು ತಿರುಗಿಸುವುದು, ಮಳೆಯ ನೀರು ಒಳನುಗ್ಗದಂತೆ ಸುತ್ತಲೂ ಕಾಲುವೆ ತೆಗೆಯುವುದು, ಹಿಟ್ಟನ್ನು ಕಲಸಿ ಕೋಲಿಗೆ ಸುತ್ತಿ ಕೆಂಡದ ಮೇಲೆ ಬೇಯಿಸುವುದು, ಹಗ್ಗದ ಗಂಟುಗಳು, ಮರದ ನೆರಳನ್ನೂ ಕೋಲಿನ ನೆರಳನ್ನೂ ಅಳೆದು ಮರದ ಎತ್ತರವನ್ನು ಹೇಳುವುದು, ಮುಳುಗುವವನನ್ನು ಎಳೆದು ತರುವುದು. ತಟ್ಟೆಯೊಂದರಲ್ಲಿ ಇಪ್ಪತ್ತಕ್ಕೂ ಮಿಕ್ಕ ಸಣ್ಣ ವಸ್ತುಗಳನ್ನಿಟ್ಟು, ಒಂದು ನಿಮಿಷ ತೋರಿಸಿ ಮುಚ್ಚಿ, ಕಂಡುದನ್ನೆಲ್ಲ ಬರೆಯಿಸುವ ಆಟವೊಂದುಂಟು. ಕಿಪ್ಲಿಂಗನ ಕಿಮ್ ಎಂಬ ಕಾದಂಬರಿಯ ಹುಡುಗನಿಂದ ಅದಕ್ಕೆ ಹೆಸರು ಬಂದಿದೆ. ಅವಧಾನ ವಿದ್ಯೆಯನ್ನು ಬಲ್ಲ ನಮಗೆ ಇದು ಹೊಸದಲ್ಲವಾದರೂ, ಅದನ್ನು ಸಾಮಾನ್ಯ ಬಾಲಕನ ಆಟವನ್ನಾಗಿ ಮಾಡಿದ ಜಾಣತನವು ಮೆಚ್ಚತಕ್ಕುದು.

ಪ್ರತಿ ರಾತ್ರಿಯೂ ಒಂದು ಪಂಗಡವು ಗುಡಾರಗಳನ್ನು ಬಿಟ್ಟು ದ್ವೀಪದ ಮತ್ತೊಂದು ಭಾಗಕ್ಕೆ ಹೋಗಬೇಕು. ಹಿಟ್ಟು, ಮಾಂಸ, ಆಲೂಗಡ್ಡೆ ಇಷ್ಟನ್ನು ಅವರಿಗೆ ಕೊಡುವರು. ತಾವೇ ಬೆಂಕಿ ಹೂಡಿ ಅಡಿಗೆ ಮಾಡಿಕೊಂಡು, ಸರದಿಯ ಮೇಲೆ ಕಾವಲಿದ್ದು, ಬಯಲಿನಲ್ಲಿ ಮಲಗಬೇಕು. ಹಿರಿಯರಾರೂ ಜೊತೆಯಲ್ಲಿ ಇರುವುದಿಲ್ಲ. ಪಂಗಡದ ನಾಯಕನಾದ ಹುಡುಗನೇ ಎಲ್ಲಕ್ಕೂ ಹೊಣೆ. ಕತ್ತಲೆಯಲ್ಲಿ ಬೇಡನ್ ಪೊವೆಲ್ಲರು ತೆವಳಿಕೊಂಡು ಬಂದು ಕಾವಲಿನ ಹುಡುಗನು ಎಚ್ಚರವಾಗಿರುವನೋ ಇಲ್ಲವೋ ಎಂದು ಪರೀಕ್ಷಿಸುವರು. ಒಮ್ಮೊಮ್ಮೆ ಹುಡುಗರೇ ಅವರನ್ನು ಪತ್ತೆಹಚ್ಚಿ ಹಿಡಿಯುವರು. ಲೋಕಪ್ರಸಿದ್ಧರಾದ ಸೇನಾಪತಿಗಳೊಬ್ಬರು ಐವತ್ತರ ಪ್ರಾಯದಲ್ಲಿ ಹೀಗೆ ಹುಲ್ಲಿನ ಮೇಲೆ ತೆವಳುತ್ತ ಹತ್ತು ಹನ್ನೆರಡು ವರ್ಷದ ಮಗುವಿನ ಕೈಗೆ ಸಿಕ್ಕಿಬೀಳುವ ದೃಶ್ಯವನ್ನು ವಾಚಕರು ಊಹಿಸಿಕೊಳ್ಳಲಿ. ಇಡೀ ವಾರದಲ್ಲಿ ಶಿಕ್ಷೆಯೆಂಬುದು ಬೇಕಾಗಲಿಲ್ಲ. ನಾಯಕನ ಮಾತನ್ನು ಕೇಳುವೆವೆಂದು ಹುಡುಗರು ತಮ್ಮ ಮಾನದ ಮೇಲೆ ಕೊಟ್ಟ ಭಾಷೆಯೇ ಸಾಕಾಯಿತು.

1908ನೆಯ ಜನವರಿಯಿಂದ, ಬಾಲಕರಿಗಾಗಿ ಬರೆದ ಗ್ರಂಥವು ಹದಿನೈದು ದಿನಗಳಿಗೊಂದರಂತೆ ಆರು ಭಾಗಗಳಾಗಿ, ಭಾಗವೊಂದಕ್ಕೆ ನಾಲ್ಕು ಪೆನ್ನಿ ಬೆಲೆಗೆ ಹೊರಟಿತು. ಆಗಲೇ ಇದ್ದ ಬಾಲಕರ ಸಂಸ್ಥೆಗಳು ಈ ವಿದ್ಯೆಯನ್ನು ಬಳಸಿಕೊಳ್ಳಲೆಂದೇ ಇವರು ಅದನ್ನು ಬರೆದದ್ದು. ಹೊಸ ಸಂಸ್ಥೆಯೊಂದನ್ನು ಕಟ್ಟುವ ಉದ್ದೇಶವು ಮೊದಲು ಬಲವಾಗಿರಲಿಲ್ಲ. ಆದರೆ ಹುಡುಗರು ಕಾಯಲಿಲ್ಲ. ಪುಸ್ತಕವನ್ನು ಕೊಂಡು ಓದಿ, ತಾವೇ ಏಳೆಂಟು ಮಂದಿ ಕೂಡಿ ಪಂಗಡವನ್ನು ಮಾಡಿಕೊಂಡು, ಕೈಯಲ್ಲಿ ಕೋಲು ಹಿಡಿದು, ತಮಗೊಬ್ಬ ಮಾಸ್ತರನು ಬೇಕೆಂದು ಊರ ದೊಡ್ಡವರ ಬಾಗಿಲನ್ನು ತಟ್ಟಿದರು. ಗುರುವು ಶಿಷ್ಯರನ್ನು ಹುಡುಕುವುದು, ಶಿಷ್ಯನು ಗುರುವನ್ನು ಹುಡುಕುವುದು ಇವೆರಡೂ ನಮಗೆ ತಿಳಿದುದೇ. ಶಿಷ್ಯರ ಗುಂಪೇ ಮೊದಲು ಸಿದ್ಧವಾಗಿ ಬಳಿಕ ಗುರುವನ್ನು ಆರಿಸಿಕೊಂಡುದು ಈ ಪದ್ಧತಿಯ ವಿಶೇಷ. 1909ನೆಯ ಸೆಪ್ಟೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನಲ್ಲಿ ಸಮ್ಮೇಳನವಾದಾಗ ಸುಮಾರು ಹನ್ನೊಂದು ಸಾವಿರ ಬಾಲಕರು ನೆರೆದರು. ಕರೆಯದೆಯೇ ಕೆಲವು ಹೆಣ್ಣುಮಕ್ಕಳೂ ಅದೇ ವೇಷದಲ್ಲಿ ಬಂದು ನಿಂತು ತಮಗೂ ಈ ವಿದ್ಯೆಯು ಬೇಕೆಂದರು. ಅವರಿಗಾಗಿ 1910ರಲ್ಲಿ ತಂಗಿಯಾದ ಆಗ್ನೆಸರ ನೇತೃತ್ವದಲ್ಲಿ ಗರ್ಲ್ ಗೈಡ್ಸ್ ಸಂಸ್ಥೆಯು ಹುಟ್ಟಿತು. ಅದೇ ವರ್ಷ ಇವರು ಸೈನ್ಯದಿಂದ ನಿವೃತ್ತರಾಗಿ ತಮ್ಮ ಉಳಿದ ಆಯುಷ್ಯವನ್ನೆಲ್ಲ ಬಾಲಕರಿಗೆ ಮುಡಿಪಾಗಿಟ್ಟರು. 1912ರಲ್ಲಿ ಓಲೇವ್ ಸೋಮ್ಸ್ ಎಂಬ ಕನ್ಯೆಯನ್ನು ವಿವಾಹವಾದರು. ಆಕೆಯು ಮುಂದೆ ಗೈಡ್ ಸಂಸ್ಥೆಗೆ ತಾಯಿಯಂತಾದಳು. ಹನ್ನೊಂದು ವರ್ಷಕ್ಕೆ ಕೆಳಗಿನ ಮಕ್ಕಳಿಗೆ 1916ರಲ್ಲಿ ತೋಳನ ಮರಿಗಳೆಂಬ ಅರ್ಥವುಳ್ಳ ಕಬ್ ವಿಭಾಗವು ಸ್ಥಾಪಿತವಾಯಿತು.

ಸಿಪಾಯಿಗಳನ್ನು ತಯಾರಿಸುವ ಉಪಾಯವಿದೆಂಬ ಸಂದೇಹವನ್ನು ಮೇಲೆ ಸೂಚಿಸಿದೆವಷ್ಟೆ. ಅದು ನಮ್ಮವರದು ಮಾತ್ರವಲ್ಲ. ಲಂಡನ್ ಪ್ರಾಂತದ ಕಮಿಷನರರಾಗಿದ್ದ ಸರ್ ಫ್ರಾನ್ಸಿಸ್ ವೇನರು ಸಂಸ್ಥೆಯಲ್ಲಿ ಸೈನಿಕರ ಪ್ರಾಬಲ್ಯವು ಅತಿಯಾಯಿತೆಂದು ವಿರೋಧಿಸಿ, 1909ರಲ್ಲಿ ಅಧಿಕಾರವನ್ನು ಕಳೆದುಕೊಂಡು ಬೇರೆಯಾದರು. ಈ ಆಕ್ಷೇಪದಲ್ಲಿ ಸತ್ಯಾಂಶವಿದ್ದಿತು. ಮೊದಲ ಅಧಿಕಾರಿಗಳಲ್ಲಿ ನಿವೃತ್ತ ಸೈನಿಕರೇ ಬಹುಮಂದಿ, ಗ್ರಂಥದಲ್ಲಿಯೂ ಸಾಮ್ರಾಜ್ಯದ ಸೇವೆಯ ಮಾತುಗಳು ಹೇರಳ. ಹೀಗಿದ್ದರೂ ಕವಾಯತನ್ನು ಇವರು ಎಂದಿಗೂ ಮೆಚ್ಚಲಿಲ್ಲ. ಅದು ಬಾಲಕನನ್ನು ಯಂತ್ರದ ಒಂದು ಭಾಗವನ್ನಾಗಿ ಮಾಡಿ ಅವನ ಸ್ವಂತ ಬುದ್ಧಿಯನ್ನು ಕುಗ್ಗಿಸುವುದೆಂದೂ, ಹೊಸದನ್ನು ಕಲಿಸಲರಿಯದ ಮಾಸ್ತರನು ಮಾತ್ರ ಅದನ್ನು ಆಶ್ರಯಿಸುವನೆಂದೂ ಅವರ ಮತ. ನಮ್ಮ ಊರುಗಳಲ್ಲಿ ದೊಡ್ಡವರು ಬರುವ ದಿನ ಮಾತ್ರ ಹುಡುಗರನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸುವವರು ಈ ಮತವನ್ನು ಕೇಳಿದವರಂತೆ ತೋರುವುದಿಲ್ಲ.

ದಳವನ್ನು ನಡೆಸುವವನು ಹೇಗಿರಬೇಕೆಂಬ ವಿಷಯದಲ್ಲಿ ಇವರ ವಿಚಾರಗಳು ಬಹು ಸ್ಪಷ್ಟವಾಗಿದ್ದುವು. ಸ್ಕೌಟ್ ಮಾಸ್ತರನು ಉಪಾಧ್ಯಾಯನೂ ಅಲ್ಲ, ಸೇನಾಪತಿಯೂ ಅಲ್ಲ, ಹಿರಿಯಣ್ಣ. ಹುಡುಗರು ಮಾಡಬಲ್ಲ ಕೆಲಸವನ್ನು ಅವನು ಮಾಡಕೂಡದು. ದಳದ ಆಗುಹೋಗುಗಳನ್ನು ಪಂಗಡದ ನಾಯಕರ ಸಭೆಯೇ ನಿರ್ಣಯಿಸಬೇಕು. ಹುಡುಗನೊಬ್ಬನು ತಪ್ಪಿ ನಡೆದರೆ ಆ ಸಭೆಯೇ ವಿಚಾರಿಸಬೇಕು. ಮಾಸ್ತರನು ಬಳಿಯಲ್ಲಿ ಕುಳಿತು ಬುದ್ಧಿ ಹೇಳಬಹುದು. ದಳದ ಸಂಖ್ಯೆಯೂ ಮಿತವಾಗಿರಬೇಕು. ಒಬ್ಬೊಬ್ಬನ ಸ್ವಭಾವವನ್ನೂ ಅರಿತು ತಿದ್ದಲು ತಮ್ಮಿಂದ ಹದಿನಾರು ಮಂದಿಯ ಮಟ್ಟಿಗೆ ಮಾತ್ರ ಸಾಧ್ಯವೆಂದೂ, ಇತರರು ತಮಗಿಂತ ಎರಡು ಪಾಲು ಸಮರ್ಥರೆಂದು ಎಣಿಸಿ ಮೂವತ್ತೆರಡನ್ನು ಗೊತ್ತುಮಾಡಿದೆನೆಂದೂ ವಿನೋದವಾಗಿ ಬರೆದಿರುವರು. ಅರುವತ್ತು ಎಪ್ಪತ್ತು ಹುಡುಗರನ್ನು ಒಂದು ಕೊಠಡಿಯಲ್ಲಿ ತುಂಬಿ ವಿದ್ಯಾದಾನ ಮಾಡುವವರು ಈ ವಿನೋದದಲ್ಲಿರುವ ಕೊಂಕನ್ನು ತಿಳಿಯಬಲ್ಲರು.

1914ರಿಂದ 1918ರ ವರೆಗೆ ನಡೆದ ಮಹಾಯುದ್ಧದಲ್ಲಿ ಇವರ ಕೈಯಲ್ಲಿ ಬೆಳೆದ ಯುವಕರು ಅಸಂಖ್ಯಾತರಾಗಿ ಮಡಿದರು. ಯುದ್ಧವು ಮುಗಿದ ಮೇಲೆ ಇವರ ಮಾತಿನಲ್ಲಿ ಸಾಮ್ರಾಜ್ಯಕ್ಕಿಂತ ದೇಶದೇಶಗಳ ಸ್ನೇಹವೇ ಮುಂದಾಯಿತು. 1919ರಲ್ಲಿ ಮಕ್ಲಾರೆನ್ ಎಂಬ ದಾನಿಯೊಬ್ಬರ ಹಣದಿಂದ ಲಂಡನ್ನಿನ ಹೊರವಲಯದ ಗಿಲ್ವೆಲ್ ಪಾರ್ಕ್ ಎಂಬ ತೋಟವು ಸಂಸ್ಥೆಗೆ ದೊರೆಯಿತು. ಅಲ್ಲಿ ಅದೇ ಸೆಪ್ಟೆಂಬರಿನಲ್ಲಿ ಸ್ಕೌಟ್ ಮಾಸ್ತರರ ಪ್ರಥಮ ಶಿಕ್ಷಣ ಶಿಬಿರವು ಬ್ರೌನ್‌ಸೀಯಲ್ಲಿ ಊದಿದ ಅದೇ ಕುಡು ಕೊಂಬಿನ ಧ್ವನಿಯೊಡನೆ ಆರಂಭವಾಯಿತು. ಗಡ್ಡ ಮೀಸೆ ಬಂದ ದೊಡ್ಡವರು ಹುಡುಗರಂತೆಯೇ ಪಂಗಡಗಳಾಗಿ ಗುಡಾರದಲ್ಲಿ ಮಲಗಿ, ತಾವೇ ಅಡಿಗೆ ಮಾಡಿ, ನಾಯಕನ ಮಾತನ್ನು ಕೇಳಿ ನಡೆಯಬೇಕು. ತಾನು ಅನುಭವಿಸದುದನ್ನು ಇತರರಿಗೆ ಕಲಿಸಲಾಗದೆಂಬುದು ಅಲ್ಲಿನ ನಿಯಮ. ತೇರ್ಗಡೆಯಾದವರಿಗೆ ಚರ್ಮದ ದಾರದಲ್ಲಿ ಪೋಣಿಸಿದ ಎರಡು ಮರದ ಮಣಿಗಳು. ಮೊದಲ ಮಣಿಗಳನ್ನು ಝೂಲು ಅರಸನಾದ ದಿನಿಜುಲುವಿನ ಕಂಠಹಾರದಿಂದ ತೆಗೆದುದು. 1920ರಲ್ಲಿ ಲಂಡನ್ನಿನ ಒಲಿಂಪಿಯಾದಲ್ಲಿ ಪ್ರಥಮ ವಿಶ್ವ ಜಾಂಬೂರಿಯು ನೆರೆದಾಗ ಬಾಲಚರರು ಇವರನ್ನು ಜಗತ್ತಿನ ಮುಖ್ಯ ಸ್ಕೌಟರೆಂದು ಘೋಷಿಸಿದರು.

ಇನ್ನು ನಮ್ಮ ದೇಶದ ಸಂಬಂಧವನ್ನು ಹೇಳಬೇಕು. ಹಿಂದೂಸ್ಥಾನದ ಬಾಲಚರ ಚಳವಳಿಗೆ ಮೊದಲ ಹೆಜ್ಜೆಯನ್ನಿಟ್ಟುದು ಕನ್ನಡ ನಾಡಿನ ಬೆಂಗಳೂರು. 1909ರಲ್ಲಿ ಕ್ಯಾಪ್ಟನ್ ಬೇಕರ್ ಎಂಬವರು ಇಲ್ಲಿ ದಳವನ್ನು ಸ್ಥಾಪಿಸಿದರು. ಆದರೆ ಆ ದಳಗಳ ಬಾಗಿಲು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ ತೆರೆದಿದ್ದಿತು. ನೆಲದ ಮಕ್ಕಳು ಬೇಲಿಯ ಹೊರಗೆ ನಿಂತು ನೋಡಬೇಕಾಯಿತು. ಮೀರತ್ತಿನ ಬಯಲಿನಲ್ಲಿ ಈ ವಿದ್ಯೆಯನ್ನು ಪರೀಕ್ಷಿಸಿದ ಮಹನೀಯರ ಸಂಸ್ಥೆಯೇ ಹಿಂದೂಸ್ಥಾನದ ಮಗುವನ್ನು ನಂಬಲಿಲ್ಲ. ಬಾಲಕನನ್ನು ನಂಬಿದರೆ ಅವನು ನಂಬುಗೆಗೆ ಅರ್ಹನಾಗುವನೆಂಬ ತತ್ತ್ವವು ಬಣ್ಣದ ಗೆರೆಯ ಬಳಿ ಬಂದು ನಿಂತುಬಿಟ್ಟಿತು. ಇದನ್ನು ದಾಟಿದವರು ಈ ದೇಶದ ಹಿರಿಯರೇ. ವಿವಿಯನ್ ಬೋಸರು ಮಧ್ಯಪ್ರಾಂತದಲ್ಲಿಯೂ, ಶ್ರೀಮತಿ ಆನಿ ಬೆಸೆಂಟರು 1916ರ ಸುಮಾರಿಗೆ ಮದರಾಸಿನಲ್ಲಿಯೂ, ಪಂಡಿತ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಇವರುಗಳು ಸೇವಾಸಮಿತಿಯ ಮೂಲಕ ಉತ್ತರದಲ್ಲಿಯೂ ಭಾರತೀಯ ಬಾಲಕರ ದಳಗಳನ್ನು ಕಟ್ಟಿದರು. ಬೆಸೆಂಟರ ದಳದ ಬಾಲಕರು ಟೋಪಿಗೆ ಬದಲಾಗಿ ರುಮಾಲನ್ನು ಸುತ್ತಿ ದೇಶೀಯ ಗೀತೆಗಳನ್ನು ಹಾಡುತ್ತಿದ್ದರು.

1921ರಲ್ಲಿ ವೈಸರಾಯ್ ಚೆಲ್ಮ್ಸ್‌ಫರ್ಡರ ಆಹ್ವಾನದ ಮೇಲೆ ಬೇಡನ್ ಪೊವೆಲ್ಲರು ಪತ್ನಿಯೊಡನೆ ಬಂದು ಈ ದಳಗಳನ್ನು ನೋಡಿದರು. ನೋಡಿದ ಬಳಿಕ ಭೇದವು ಹ್ರಸ್ವವಾಯಿತು. ಬೆಸೆಂಟರ ಸಂಸ್ಥೆಯು ಮೂಲ ಸಂಸ್ಥೆಯೊಡನೆ ಒಂದಾಗಿ ಬಾಗಿಲು ಎಲ್ಲರಿಗೂ ತೆರೆಯಿತು. ಸೇವಾಸಮಿತಿಯವರು ಮಾತ್ರ ಆಂಗ್ಲ ಅರಸನಿಗೆ ನಿಷ್ಠೆಯ ಪ್ರತಿಜ್ಞೆಯನ್ನು ಮಾಡಲಾರದೆ ಬೇರೆಯಾಗಿಯೇ ಉಳಿದರು. ಅವರ ನಿರ್ಧಾರವು ಯುಕ್ತವಾದುದೆಂದೇ ನಮ್ಮ ಭಾವನೆ. ಮಾನದ ಮೇಲೆ ಮಾಡುವ ಪ್ರತಿಜ್ಞೆಯನ್ನು ಮನಸ್ಸಿಲ್ಲದೆ ಮಾಡಿಸುವುದು ಆ ಪ್ರತಿಜ್ಞೆಗೇ ಅಪಚಾರ. 1937ನೆಯ ಫೆಬ್ರವರಿಯಲ್ಲಿ ದಿಲ್ಲಿಯ ಅಖಿಲ ಭಾರತ ಜಾಂಬೂರಿಗೆ ಇವರು ಕಡೆಯ ಸಲ ಬಂದರು. ಅನಂತರ ಭಾರತೀಯರ ಶೀಲವನ್ನು ಕುರಿತು ಇವರ ಹೆಸರಿನಲ್ಲಿ ಹೊರಟ ಕೆಲವು ಮಾತುಗಳು ಇಲ್ಲಿನವರ ಮನಸ್ಸನ್ನು ಬಹಳವಾಗಿ ನೋಯಿಸಿದುವು. 1938ರಲ್ಲಿ ಅನೇಕರು ಸಂಸ್ಥೆಯನ್ನು ತ್ಯಜಿಸಿ ಸೇವಾಸಮಿತಿಯವರೊಡನೆ ಕೂಡಿ ಹಿಂದೂಸ್ಥಾನ್ ಸ್ಕೌಟ್ ಸಂಸ್ಥೆಯನ್ನು ಸ್ಥಾಪಿಸಿದರು. ಗುರುವನ್ನು ಬಿಟ್ಟರೂ ಗುರುವು ಕೊಟ್ಟ ವಿದ್ಯೆಯನ್ನು ಅವರು ಬಿಡಲಿಲ್ಲವೆಂಬುದು ಗಮನಾರ್ಹ. ಸ್ವಾತಂತ್ರ್ಯವು ಬಂದ ಮೇಲೆ 1950ನೆಯ ನವೆಂಬರ್ 7ರಂದು ಈ ಪಕ್ಷಗಳು ಕೂಡಿ ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಒಂದೇ ಸಂಸ್ಥೆಯಾದುವು.

ವೃದ್ಧಾಪ್ಯದಲ್ಲಿಯೂ ಬೇಡನ್ ಪೊವೆಲ್ಲರು ಬಯಲಿನ ಅಭ್ಯಾಸವನ್ನು ಬಿಡಲಿಲ್ಲ. ಹ್ಯಾಂಪ್‌ಷೈರಿನ ಪ್ಯಾಕ್ಸ್ ಹಿಲ್ ಎಂಬ ತಮ್ಮ ಮನೆಯಲ್ಲಿ ಕೊಠಡಿಯೊಳಗೆ ಮಲಗದೆ ಚಳಿಗಾಲದಲ್ಲಿಯೂ ಹೊರಗಿನ ಮೊಗಸಾಲೆಯಲ್ಲಿ ಮಲಗುತ್ತಿದ್ದರು. 1929ರಲ್ಲಿ ಇವರಿಗೆ ಲಾರ್ಡ್ ಪದವಿಯು ಬಂದಾಗ, ಮಾಫೆಕಿಂಗಿನ ಹೆಸರನ್ನು ಆರಿಸಿಕೊಳ್ಳದೆ ಗಿಲ್ವೆಲ್ಲಿನ ಹೆಸರನ್ನು ಅದಕ್ಕೆ ಸೇರಿಸಿಕೊಂಡರು. 1937ರಲ್ಲಿ ಹಾಲೆಂಡಿನ ಜಾಂಬೂರಿಯಲ್ಲಿ ಬಾಲಚರರಿಂದ ಬೀಳ್ಕೊಂಡು, ದೇಹವು ಕ್ಷೀಣವಾದ ಕಾರಣ ಮರುವರ್ಷ ಆಫ್ರಿಕದ ಕೆನ್ಯಾ ದೇಶದ ನ್ಯೇರಿ ಎಂಬಲ್ಲಿ ಒಂದು ಚಿಕ್ಕ ಮನೆಯನ್ನು ಕಟ್ಟಿಸಿಕೊಂಡು ಪತ್ನಿಯೊಡನೆ ನೆಲೆಸಿದರು. ಅಲ್ಲಿ ಪ್ರಾಣಿಗಳ, ಹಕ್ಕಿಗಳ ಚಿತ್ರಗಳನ್ನು ಬರೆಯುತ್ತ ಕಾಲ ಕಳೆದು, 1941ನೆಯ ಜನವರಿ 8ರಂದು ಎಂಬತ್ತಮೂರು ವರ್ಷದ ವಯಸ್ಸಿನಲ್ಲಿ ದೇಹವನ್ನು ಬಿಟ್ಟರು.

ಬಾಲಚರರು ಕಾಡಿನಲ್ಲಿ ಹಿಂದೆ ಬರುವವರಿಗಾಗಿ ನೆಲದ ಮೇಲೆ ಕೆಲವು ಗುರುತುಗಳನ್ನು ಬರೆಯುವರು. ಬಾಣದ ಗುರುತು ಹೋದ ದಾರಿಯನ್ನು ತೋರಿಸುವುದು. ಅಡ್ಡಗೆರೆಗಳು ಆ ದಾರಿಯನ್ನು ನಿಷೇಧಿಸುವುವು. ನಡುವೆ ಚುಕ್ಕೆಯುಳ್ಳ ವೃತ್ತವು ಬರೆದವನು ಮನೆಗೆ ಹಿಂದಿರುಗಿದನೆಂದು ಸೂಚಿಸುವುದು. ನ್ಯೇರಿಯ ಸ್ಮಶಾನದಲ್ಲಿ ಕೆನ್ಯಾ ಪರ್ವತಕ್ಕೆ ಅಭಿಮುಖವಾಗಿರುವ ಇವರ ಸಮಾಧಿಯ ಕಲ್ಲಿನ ಮೇಲೆ ಹೆಸರಿನೊಡನೆ ಆ ವೃತ್ತವನ್ನೂ ಚುಕ್ಕೆಯನ್ನೂ ಕೆತ್ತಿರುವರು. 1977ರಲ್ಲಿ ಶ್ರೀಮತಿ ಓಲೇವರು ಕಾಲವಾದ ಮೇಲೆ ಆಕೆಯ ಭಸ್ಮವನ್ನೂ ಅಲ್ಲಿಗೆ ಒಯ್ದು ಅದೇ ಸಮಾಧಿಯಲ್ಲಿ ಇರಿಸಿದರು.